ವರ್ಷದ ಮೇಲೊಂದು ದಿನ

ಮೊದಲು ಹೆಸರಿನ ತಕರಾರು ಮುಗಿಸಿಬಿಡುತ್ತೇನೆ. ನನ್ನ ಜೊತೆ ಪೂಜೆಯ ವೃತ್ತದಲ್ಲಿ ನಿಲ್ಲುವ ಇಂಗ್ಲೆಂಡಿನ ಹೆಂಗಸರು ತಮ್ಮನ್ನು 'ವಿಚ್' ಎಂದು ಹೆಮ್ಮೆಯಿಂದಲೇ ಕರೆದುಕೊಳ್ಳುತ್ತಾರೆ. ನಾನು ಕರೆದುಕೊಳ್ಳುವುದಿಲ್ಲ. ಕನ್ನಡದಲ್ಲಿ ಅದಕ್ಕಿರುವ ಮಾತು ಮಾಟಗಾತಿ. ಸೊರಬದ ಕಡೆಯ ನಮ್ಮೂರಲ್ಲಿ, ನಾನು ಚಿಕ್ಕವಳಿದ್ದಾಗ, ಒಬ್ಬ ವಿಧವೆಗೆ ಆ ಮಾತು ಅಂಟಿಸಿದ್ದರು. ಯಾರ ಮನೆಯ ಎಮ್ಮೆ ಹಾಲು ಬತ್ತಿದರೂ ಊರು ಅವಳ ಬಾಗಿಲ ಕಡೆ ನೋಡುತ್ತಿತ್ತು. ಕೊನೆಗೆ ಅವಳು ಮಗಳ ಊರಿಗೆ ಗಂಟು ಕಟ್ಟಿಕೊಂಡು ಹೋದಳು. ಆ ಹೆಂಗಸಿನ ಮುಖ ಕಂಡ ನನಗೆ ಆ ಹೆಸರು ಒಡವೆಯ ಹಾಗೆ ಹಾಕಿಕೊಳ್ಳುವಂಥದ್ದಲ್ಲ. ಯಾರಾದರೂ ಕೇಳಿದರೆ ವಿಕ್ಕಾ ಎನ್ನುತ್ತೇನೆ, ದೇವಿಯನ್ನೂ ಋತುಗಳನ್ನೂ ಆರಾಧಿಸುವ ಒಂದು ಧರ್ಮ. ಹಾಗಂದರೇನು ಎಂದು ಮತ್ತೆ ಕೇಳಿದರೆ ಚಹಾಕ್ಕೆ ನೀರಿಡುತ್ತೇನೆ, ಏಕೆಂದರೆ ಅದು ಬೇಗ ಮುಗಿಯುವ ಮಾತಲ್ಲ.

ಗಂಡನ ಕೆಲಸದ ಬೆನ್ನು ಹಿಡಿದು 2016ರಲ್ಲಿ ಬ್ರಿಸ್ಟಲ್‌ಗೆ ಬಂದೆ. ಇಲ್ಲಿಗೆ ಬರುವವರನ್ನು ಎಲ್ಲರೂ ಚಳಿ ಚಳಿ ಎಂದು ಹೆದರಿಸುತ್ತಾರೆ. ಚಳಿಗೆ ಸ್ವೆಟರ್ ಇದೆ. ಹೆದರಬೇಕಾದದ್ದು ಕತ್ತಲಿಗೆ. ಡಿಸೆಂಬರಿನಲ್ಲಿ ಸಂಜೆ ನಾಲ್ಕಕ್ಕೆಲ್ಲ ಸೂರ್ಯ ಮುಳುಗಿಬಿಡುತ್ತಾನೆ. ಜೂನ್‌ನಲ್ಲಿ ರಾತ್ರಿ ಒಂಬತ್ತೂವರೆಯಾದರೂ ಹೋಗುವುದಿಲ್ಲ. ನಮ್ಮಲ್ಲಿ ಹಗಲು ವರ್ಷವಿಡೀ ಹೆಚ್ಚುಕಡಿಮೆ ಒಂದೇ ಅಳತೆ, ಹಾಗಾಗಿ ಹಬ್ಬಗಳಿಗೆ ಚಂದ್ರನ ಲೆಕ್ಕ ಸಾಕು. ಇಲ್ಲಿ ಸೂರ್ಯನ ಲೆಕ್ಕ ಇಡದಿದ್ದರೆ ತಲೆ ಕೆಡುತ್ತದೆ. ಎರಡು ಚಳಿಗಾಲ ನನಗೆ ಕೆಟ್ಟೇಹೋಗಿತ್ತು. ಮೂರನೆಯದಕ್ಕೆ ಮುಂಚೆ ಅಲಾಟ್‌ಮೆಂಟ್ ಸಿಕ್ಕಿತು.

ಅಲಾಟ್‌ಮೆಂಟ್ ಎಂದರೆ ಕೌನ್ಸಿಲ್‌ನವರು ವರ್ಷದ ಬಾಡಿಗೆಗೆ ಕೊಡುವ ತರಕಾರಿ ತುಂಡು. ಹಳೆಯ ಲೆಕ್ಕದಲ್ಲಿ ಹತ್ತು ರಾಡ್, ಅಂದರೆ ಸುಮಾರು 250 ಚದರ ಮೀಟರ್. ನನಗೆ ಸಿಕ್ಕಿದ್ದು ಅದರಲ್ಲಿ ಅರ್ಧ. ಹರಿವೆ ಬಂತು. ಹೀರೇಕಾಯಿ ಬರಲಿಲ್ಲ. ಪಕ್ಕದ ತುಂಡಿನಲ್ಲಿ ಒಬ್ಬ ಅಜ್ಜ, ನಿವೃತ್ತ ಬಸ್ ಡ್ರೈವರ್. 2020ರ ಜನವರಿಯಲ್ಲಿ ಅವರು ನಮ್ಮಿಬ್ಬರನ್ನು ಸಾಮರ್‌ಸೆಟ್‌ನ ಒಂದು ಸೇಬಿನ ತೋಟಕ್ಕೆ ಕರೆದುಕೊಂಡು ಹೋದರು, ವಾಸೇಲ್ ನೋಡೋಣ ಬನ್ನಿ ಎಂದು. ಜನವರಿ 17, ಹಳೆಯ ಪಂಚಾಂಗದ ಲೆಕ್ಕದಲ್ಲಿ ಕ್ರಿಸ್‌ಮಸ್ಸಿನ ಹನ್ನೆರಡನೆಯ ರಾತ್ರಿ. ಕತ್ತಲಲ್ಲಿ ಎಲ್ಲರೂ ಒಂದು ಮುದಿ ಸೇಬಿನ ಮರದ ಸುತ್ತ ನಿಂತರು. ಬುಡಕ್ಕೆ ಸೈಡರ್, ಅಂದರೆ ಸೇಬಿನ ಹೆಂಡ, ಹೊಯ್ದರು, ಸೈಡರಿನಲ್ಲಿ ನೆನೆಸಿದ ರೊಟ್ಟಿಯ ತುಂಡನ್ನು ಕೊಂಬೆಗೆ ಸಿಕ್ಕಿಸಿದರು, ಕೆಟ್ಟದ್ದೆಲ್ಲ ಓಡಲಿ ಎಂದು ಬಂದೂಕು ಹಾರಿಸಿದರು. ನನ್ನ ಕೈಗೂ ಒಂದು ಪಾತ್ರೆ, ಸೌಟು ಕೊಟ್ಟು ಬಡಿ ಎಂದರು. ಬಡಿದೆ.

ಇದು ವಿಕ್ಕಾ ಅಲ್ಲ. ಭಾನುವಾರ ಚರ್ಚಿಗೆ ಹೋಗುವವರೂ ಅಲ್ಲಿ ಪಾತ್ರೆ ಬಡಿಯುತ್ತಿದ್ದರು. ಆದರೆ ನನಗೆ ಆ ರಾತ್ರಿ ನಮ್ಮ ಭೂಮಿ ಹುಣ್ಣಿಮೆಯ ಚರಗ ಕಣ್ಣಿಗೆ ಕಟ್ಟಿತು. ಹೆಂಗಸರು ರಾತ್ರಿಯಿಡೀ ನಿದ್ದೆಗೆಟ್ಟು ಬೇಯಿಸಿದ ಸೊಪ್ಪಿನ ಅಡುಗೆಯನ್ನು, ಅವರೇ ಚಿತ್ತಾರ ಬರೆದ ಬುಟ್ಟಿಯಲ್ಲಿಟ್ಟು, ನಸುಕಿನಲ್ಲಿ ಗದ್ದೆಗೆ ಒಯ್ದು ಬಸುರಿ ಭೂಮಿಗೆ ಬೀರುವುದು. ನಮ್ಮನೆಯಲ್ಲಿ ಬುಟ್ಟಿ ಹೊತ್ತು ಹೋಗುವುದು ಅಪ್ಪಯ್ಯ ಮತ್ತು ಅಣ್ಣ. ನನಗೂ ಆ ಕತ್ತಲಲ್ಲಿ ಹೋಗಬೇಕೆಂದು ಆಸೆ. "ನೀನು ಬೆಳಕು ಹರಿದ ಮೇಲೆ ಬಾ ಮಗಾ" ಎನ್ನುತ್ತಿದ್ದರು. ಬೆಳಕು ಹರಿದ ಮೇಲೆ ಹೋದರೆ ಕಾಗೆಗಳು ಅನ್ನ ಹೆಕ್ಕುತ್ತಿರುತ್ತಿದ್ದವು, ಅಷ್ಟೆ.

ಅಪ್ಪಯ್ಯ ತೀರಿಕೊಂಡದ್ದು 2021ರ ಮೇ ತಿಂಗಳಲ್ಲಿ. ಏಪ್ರಿಲ್ 23ರಿಂದ ಬ್ರಿಟನ್ ಭಾರತವನ್ನು ಕೋವಿಡ್ ಪ್ರಯಾಣದ ಕೆಂಪು ಪಟ್ಟಿಗೆ ಸೇರಿಸಿತ್ತು. ಹೋದರೆ ವಾಪಸು ಬರುವುದು ಯಾವಾಗ, ಕೆಲಸ ಉಳಿಯುತ್ತದೋ ಇಲ್ಲವೋ ತಿಳಿಯದು. ಹೋಗಲಿಲ್ಲ. ವಾಟ್ಸಾಪ್ ವೀಡಿಯೋದಲ್ಲಿ ನೋಡಿದೆ. ಮಧ್ಯೆ ನೆಟ್‌ವರ್ಕ್ ಹೋಗಿ ಅಣ್ಣನ ಚಪ್ಪಲಿ ಕಾಣುವ ಚಿತ್ರ ಪರದೆಯ ಮೇಲೆ ಹಾಗೇ ನಿಂತುಬಿಟ್ಟಿತು. ಆಮೇಲಿನ ಕಾರ್ಯಗಳನ್ನೆಲ್ಲ ಅಣ್ಣ ಮಾಡಿದ. ಅಲ್ಲಿದ್ದಿದ್ದರೂ ನನ್ನ ಪಾಲಿಗಿದ್ದದ್ದು ಪಾತ್ರೆ ತೊಳೆಯುವುದೇ ಎಂಬುದು ಗೊತ್ತಿತ್ತು, ಆದರೂ ಪಾತ್ರೆಯನ್ನೂ ತೊಳೆಯಲಿಲ್ಲವಲ್ಲ ಎಂಬುದು ಉಳಿಯಿತು.

ಅಕ್ಟೋಬರಿನಲ್ಲಿ ಅಜ್ಜ ಮತ್ತೆ ಕರೆದರು. "ಸತ್ತವರ ಹಬ್ಬ ಬರ್ತಿದೆ. ಅವೆಬರಿಯಲ್ಲಿ ಬಯಲಲ್ಲೇ ಮಾಡ್ತಾರೆ, ಯಾರು ಬೇಕಾದರೂ ಬರಬಹುದು. ಇಷ್ಟವಿದ್ದರೆ ಬಾ." ಹಬ್ಬದ ಹೆಸರನ್ನು ಬರೆಯುವುದು ಸ್ಯಾಮ್‌ಹೇನ್ ಎನ್ನುವ ಹಾಗೆ, ಉಚ್ಚರಿಸುವುದು ಸಾವಿನ್ ಎಂದು. ಮೂಲ ಐರಿಷ್ ಮಾತು, ಬೇಸಿಗೆಯ ಕೊನೆ ಎಂದು ಅರ್ಥ ಹೇಳುತ್ತಾರೆ. ಕನ್ನಡದ ಕಿವಿಗೆ ಮಾತ್ರ ಅದು 'ಸಾವಿನ' ಎಂದೇ ಕೇಳುತ್ತದೆ. ಊರಲ್ಲಿ ಭೂಮಿ ಹುಣ್ಣಿಮೆ ಮುಗಿದು ಹನ್ನೊಂದು ದಿನವಾಗಿತ್ತು. ರೈಲಿನಲ್ಲಿ ಸ್ವಿಂಡನ್, ಅಲ್ಲಿಂದ ಬಸ್ಸು.

ಅವೆಬರಿ ಜಗತ್ತಿನ ಅತಿ ದೊಡ್ಡ ಕಲ್ಲುವೃತ್ತ. ಸ್ಟೋನ್‌ಹೆಂಜ್‌ನ ಹಾಗೆ ಟಿಕೆಟ್ಟಿಲ್ಲ, ಹಗ್ಗವಿಲ್ಲ. ವೃತ್ತದ ಒಳಗೇ ಮನೆಗಳಿವೆ, ಪಬ್ ಇದೆ, ಕಲ್ಲುಗಳ ನಡುವೆ ಕುರಿ ಮೇಯುತ್ತವೆ. ನಾಲ್ಕೂ ದಿಕ್ಕಿಗೆ ತಿರುಗಿ ಏನೋ ಹೇಳಿದರು. ನನಗೆ ಅರ್ಧ ಅರ್ಥವಾಯಿತು, ಅರ್ಧ ಗಾಳಿ ಒಯ್ದಿತು. ಆಮೇಲೆ ಒಬ್ಬೊಬ್ಬರಾಗಿ ಆ ವರ್ಷ ಕಳೆದುಕೊಂಡವರ ಹೆಸರು ಹೇಳಲು ಶುರುಮಾಡಿದರು. ಯಾರೂ ಗಂಡು ಹೆಣ್ಣು ಎಂದು ನೋಡಲಿಲ್ಲ, ಯಾವ ಧರ್ಮ ಎಂದು ಕೇಳಲಿಲ್ಲ. ನನ್ನ ಸರದಿ ಬಂದಾಗ ಹೆಸರು ಹೇಳಲು ಹೋಗಿ "ಅಪ್ಪಯ್ಯ" ಎಂದೆ. ಇನ್ನೇನೂ ಬರಲಿಲ್ಲ. ಪಕ್ಕದಲ್ಲಿದ್ದ ಹಸಿರು ಕೋಟಿನ ಹೆಂಗಸು, ಅದೂ ಒಂದು ಹೆಸರೇ ಎಂದುಕೊಂಡು, "ಅಪಯ್ಯ" ಎಂದು ದೊಡ್ಡದಾಗಿ ಮತ್ತೆ ಹೇಳಿದರು. ಎಲ್ಲರೂ ಹೇಳಿದರು. ಎಪ್ಪತ್ತು ಎಂಬತ್ತು ಜನ ಇಂಗ್ಲಿಷರು ಹೊಲದ ನಡುವೆ ನಿಂತು ಅಪಯ್ಯ ಎಂದರು. ನಗು ಬಂತು, ನಗುತ್ತಲೇ ಐದು ತಿಂಗಳ ಅಳುವೂ ಬಂತು.

ಅಂದೇ ನಾನು ವಿಕ್ಕಾ ಸೇರಿದೆ ಎಂದು ಬರೆದರೆ ಕಥೆ ಚೆನ್ನಾಗಿರುತ್ತದೆ. ಸೇರಲಿಲ್ಲ. ಅಂದು ಮಾಡಿಸಿದವರಲ್ಲಿ ಹೆಚ್ಚಿನವರು ಡ್ರೂಯಿಡ್‌ಗಳು, ಹಳೆಯ ಕೆಲ್ಟ್ ಪುರೋಹಿತರ ಹೆಸರು ಹಿಡಿದ ಇನ್ನೊಂದು ಪಂಥದವರು. ಡ್ರೂಯಿಡ್ ಬೇರೆ, ವಿಕ್ಕಾ ಬೇರೆ, ಎರಡೂ ಪೇಗನ್ ಎಂಬ, ಪ್ರಕೃತಿ ಪೂಜೆಯ ಪಂಥಗಳ ದೊಡ್ಡ ಮಾಡಿನ ಕೆಳಗೆ ಬರುತ್ತವೆ ಎಂಬುದೂ ಆಗ ನನಗೆ ಗೊತ್ತಿರಲಿಲ್ಲ.

ಗೊತ್ತಾದದ್ದು ಮೂಟ್‌ಗಳಲ್ಲಿ. ಮೂಟ್ ಎಂದರೆ ತಿಂಗಳಿಗೊಮ್ಮೆ ಯಾವುದಾದರೂ ಪಬ್ಬಿನ ಮಹಡಿಯಲ್ಲಿ ಪೇಗನ್ನರು ಸೇರಿ ಹರಟುವುದು. 2022ರ ಫೆಬ್ರವರಿಯಿಂದ ಹೋಗತೊಡಗಿದೆ. ಕಪ್ಪು ನಿಲುವಂಗಿ, ಬೆಕ್ಕು, ಮಂತ್ರದಂಡ ಎಂದು ಏನೇನೋ ಊಹಿಸಿಕೊಂಡು ಹೋದರೆ, ಅಲ್ಲಿ ಪಾರ್ಕಿಂಗ್ ದಂಡದ ಬಗ್ಗೆ ಗೊಣಗುವ ನರ್ಸ್, ರೈಲ್ವೆಯವರು, ಮತ್ತು ಅರ್ಧದಷ್ಟು ಕಂಪ್ಯೂಟರಿನವರು. ಈ ಕಂಪ್ಯೂಟರಿನವರು ಎಲ್ಲಿ ಹೋದರೂ ಇರುತ್ತಾರೆ. ನಾನೂ ಡೇಟಾ ಕೆಲಸದವಳೇ, ದೂರುವಂತಿಲ್ಲ.

ಹೊಸಬರಿಗೆ ಅಲ್ಲಿ ಕೇಳುವ ಮೊದಲ ಪ್ರಶ್ನೆ, ನೀನು ಹೇಗೆ ಬಂದೆ. ಉತ್ತರ ಕೇಳುವುದೇ ಒಂದು ರುಚಿ. ಒಬ್ಬಾಕೆ ವೇಲ್ಸ್‌ನ ಕಟ್ಟುನಿಟ್ಟಿನ ಚಾಪೆಲ್ ಕ್ರೈಸ್ತ ಮನೆತನದವರು. ದೇವರಿಗೆ ಹೆಂಡತಿ ಯಾಕಿಲ್ಲ ಎಂದು ಏಳನೇ ವಯಸ್ಸಿನಲ್ಲಿ ಕೇಳಿ ಪೆಟ್ಟು ತಿಂದವರು. ಒಬ್ಬರು 1996ರಲ್ಲಿ ನ್ಯೂಬರಿ ಬೈಪಾಸ್ ರಸ್ತೆಗೆ ಮರ ಕಡಿಯುವುದನ್ನು ತಡೆಯಲು ಮರದ ಮೇಲೆಯೇ ವಾರಗಟ್ಟಲೆ ಕೂತಿದ್ದವರು. ಮರ ಉಳಿಯಲಿಲ್ಲ, ರಸ್ತೆಯಾಯಿತು. ಇಳಿಸಿದ ಮೇಲೆ, ತಾನು ಅಷ್ಟು ದಿನ ಮಾಡಿದ್ದು ಚಳವಳಿಯೋ ಪೂಜೆಯೋ ಎಂದು ಯೋಚಿಸತೊಡಗಿದರಂತೆ. ಒಬ್ಬ ಹುಡುಗನಿಗೆ ಶಾಲೆಯ ದಿನಗಳಲ್ಲಿ ಅಮೆರಿಕದ ಸ್ಕಾಟ್ ಕನ್ನಿಂಗ್‌ಹ್ಯಾಮ್ 1988ರಲ್ಲಿ ಬರೆದ ಪುಸ್ತಕ ಸಿಕ್ಕಿತ್ತು. ಗುರು, ಗುಂಪು ಏನೂ ಬೇಡ, ನಿನ್ನ ಕೋಣೆಯಲ್ಲಿ ನೀನೊಬ್ಬನೇ ಮಾಡಿಕೊಳ್ಳಬಹುದು ಎಂದು ಹೇಳಿದ ಪುಸ್ತಕ ಅದು. ಇಂದು ವಿಕ್ಕನ್ನರಲ್ಲಿ ತುಂಬಾ ಜನ ಹಾಗೆ ಒಂಟಿಯಾಗಿಯೇ ನಡೆಯುವವರು.

ಅಮೆರಿಕದ ರೇಡಿಯೋ ಪತ್ರಕರ್ತೆ ಮಾರ್ಗೊ ಆಡ್ಲರ್ 1979ರಲ್ಲೇ ಇಂಥವರನ್ನೆಲ್ಲ ಮಾತಾಡಿಸಿ ಬರೆದಿದ್ದರು: ಯಾರೂ ಮತಾಂತರವಾದೆ ಎನ್ನುವುದಿಲ್ಲ, ಮನೆಗೆ ಬಂದ ಹಾಗಾಯಿತು ಎನ್ನುತ್ತಾರೆ ಎಂದು. ಮೂಟ್‌ನಲ್ಲೂ ಅದೇ ಮಾತು ಮತ್ತೆ ಮತ್ತೆ ಕೇಳಿದೆ. ನನಗೆ ಹಾಗಾಗಲಿಲ್ಲ. ನನ್ನ ಮನೆ ಸೊರಬದ ಹತ್ತಿರ ಇದೆ, ಹೆಂಚಿನದು, ಮಳೆಗಾಲಕ್ಕೆ ಸೋರುತ್ತದೆ. ಇದು ಪಕ್ಕದ ಮನೆ. ಜಗಲಿಯಲ್ಲಿ ಕೂರಿಸಿ ಕಾಫಿ ಕೊಟ್ಟು ಕಳಿಸಬಹುದಿತ್ತು, ಅಡುಗೆಮನೆಯ ಒಳಗೆ ಕರೆದರು. ನಮ್ಮ ಕಡೆಯವರಿಗೆ ಇವೆರಡರ ವ್ಯತ್ಯಾಸ ಬಿಡಿಸಿ ಹೇಳಬೇಕಿಲ್ಲ.

ಮೊದಮೊದಲು ನಾನೂ ಇದು ಶಿಲಾಯುಗದಿಂದ ಗುಟ್ಟಾಗಿ ಹರಿದುಬಂದ ಧರ್ಮ ಎಂದು ನಂಬಿದ್ದೆ. ಇದೇ ಬ್ರಿಸ್ಟಲ್ ವಿಶ್ವವಿದ್ಯಾಲಯದ ಇತಿಹಾಸಕಾರ ರೊನಾಲ್ಡ್ ಹಟನ್ 1999ರಲ್ಲಿ ಬರೆದ ಪುಸ್ತಕ ಓದಿದ ಮೇಲೆ ಆ ಗುಳ್ಳೆ ಒಡೆಯಿತು. ಕಲ್ಕತ್ತೆಯಲ್ಲಿ ಹುಟ್ಟಿದ ಮಾರ್ಗರೆಟ್ ಮರ್ರಿ ಎಂಬ ಈಜಿಪ್ಟ್ ವಿದ್ವಾಂಸೆ 1921ರಲ್ಲಿ ಅಂಥದೊಂದು ವಾದ ಹೂಡಿದ್ದರು. ಅದು ನಿಲ್ಲಲಿಲ್ಲ. ವಿಕ್ಕಾವನ್ನು ಜಗತ್ತಿನ ಮುಂದಿಟ್ಟದ್ದು ಜೆರಾಲ್ಡ್ ಗಾರ್ಡ್ನರ್. ಸಿಲೋನಿನ ಟೀ ತೋಟ, ಮಲಯದ ರಬ್ಬರ್ ತೋಟ, ಆಮೇಲೆ ಅಲ್ಲಿನ ಸುಂಕದ ಇಲಾಖೆ, ಹೀಗೆ ನಡುವಯಸ್ಸೆಲ್ಲ ಪೂರ್ವದಲ್ಲಿ ಕಳೆದು, ಮಲಯದ ಕ್ರಿಸ್ ಕತ್ತಿಗಳ ಮೇಲೆ 1936ರಲ್ಲಿ ಪುಸ್ತಕ ಬರೆದು ಊರಿಗೆ ಮರಳಿದ ಮನುಷ್ಯ. 1939ರಲ್ಲಿ ನ್ಯೂ ಫಾರೆಸ್ಟ್ ಕಡೆಯ ಒಂದು ಗುಂಪು ತನಗೆ ದೀಕ್ಷೆ ಕೊಟ್ಟಿತು ಎಂದು ಹೇಳುತ್ತಿದ್ದರು. 1951ರಲ್ಲಿ ಹಳೆಯ ವಾಮಾಚಾರ ಕಾಯ್ದೆ ರದ್ದಾಯಿತು, 1954ರಲ್ಲಿ ಅವರು ಬಹಿರಂಗವಾಗಿ ಬರೆದರು. ಅವರ ಶಿಷ್ಯೆ ಡೊರೀನ್ ವ್ಯಾಲಿಯೆಂಟೆ ಆ ಒರಟು ಪಠ್ಯಗಳನ್ನು ತಿದ್ದಿ ಅದಕ್ಕೆ ಕಾವ್ಯ ತುಂಬಿದರು. ನನ್ನ ಅಮ್ಮ ಹುಟ್ಟಿದ್ದು 1952ರಲ್ಲಿ. ಅಂದರೆ ಈ 'ಪ್ರಾಚೀನ' ಧರ್ಮ ಹೆಚ್ಚುಕಡಿಮೆ ಅಮ್ಮನ ಓರಗೆಯದು.

ಅದು ತಿಳಿದ ದಿನ ಸ್ವಲ್ಪ ಮಂಕಾದೆ. ಮರುದಿನ ಹಗುರವಾಯಿತು. ಹೊಸ ಧರ್ಮವಾದರೆ ಯಾರದೋ ಪೂರ್ವಜರ ಆಸ್ತಿಗೆ ಕೈಹಾಕಿದೆ ಎಂಬ ಅಳುಕಿಲ್ಲವಲ್ಲ. ಹಿಂದೆ ಮಾಟಗಾತಿಯರೆಂದು ಲಕ್ಷಾಂತರ ಹೆಂಗಸರನ್ನು ಸುಟ್ಟರು ಎಂಬ ಮಾತೂ ಹಾಗೆಯೇ ಕರಗಿತು. ಯುರೋಪಿನಾದ್ಯಂತ ಹಾಗೆ ಪ್ರಾಣ ಕಳೆದುಕೊಂಡವರ ಸಂಖ್ಯೆ ಸುಮಾರು 40,000ದಿಂದ 60,000, ಮತ್ತು ಇಂಗ್ಲೆಂಡಿನಲ್ಲಿ ಸುಡುತ್ತಿರಲಿಲ್ಲ, ನೇಣು ಹಾಕುತ್ತಿದ್ದರು. 1682ರಲ್ಲಿ ಬಿಡೆಫರ್ಡ್ ಊರಿನ ಮೂವರು ಬಡ ಹೆಂಗಸರಿಗೆ ಎಕ್ಸೆಟರ್‌ನಲ್ಲಿ ಹಾಗಾಯಿತು. ಅವರು ಯಾವ ಗುಪ್ತ ಧರ್ಮದವರೂ ಅಲ್ಲ. ನಮ್ಮೂರಿನ ಆ ವಿಧವೆಯಂಥವರು.

ಗುಂಪು ಹುಡುಕುವಾಗ ಒಂದು ಸಲ ತಪ್ಪು ಬಾಗಿಲು ತಟ್ಟಿದೆ. ಎರಡು ವಾರಾಂತ್ಯದ ತರಬೇತಿ, 350 ಪೌಂಡ್, ಕೊನೆಗೆ ಮೊದಲ ಹಂತದ ಪ್ರಮಾಣಪತ್ರ. ನಡೆಸುತ್ತಿದ್ದವರು ಮಾತಿನಲ್ಲಿ ಜೇನು. ಮೊದಲ ವಾರಾಂತ್ಯದ ಕೊನೆಗೆ ಇನ್ನೊಂದು 'ಆಳವಾದ' ತರಬೇತಿಗೆ ಮತ್ತೆ ದುಡ್ಡು ಕೇಳಿದಾಗ ಎಚ್ಚರವಾಯಿತು. ಸಾಂಪ್ರದಾಯಿಕ ವಿಕ್ಕಾದಲ್ಲಿ ಕಲಿಸುವುದಕ್ಕೂ ದೀಕ್ಷೆಗೂ ದುಡ್ಡು ತೆಗೆದುಕೊಳ್ಳುವಂತಿಲ್ಲ ಎಂದು ಆಮೇಲೆ ಮೂಟ್‌ನವರು ಹೇಳಿದರು. ಮೊದಲೇ ಕೇಳಬಾರದಿತ್ತೇ ಎಂದು ಅಜ್ಜ ಬೈದರು. ಯಾರಾದರೂ ಈ ದಾರಿ ಹಿಡಿಯುವವರಿದ್ದರೆ ಇದೊಂದು ನೆನಪಿಟ್ಟುಕೊಳ್ಳಿ: ದುಡ್ಡು ಕೇಳಿದರೆ ಎದ್ದು ಬನ್ನಿ. ದೀಕ್ಷೆಯ ಹೆಸರಿನಲ್ಲಿ ಮೈ ಕೇಳಿದರೆ ಓಡಿ ಬನ್ನಿ, ನಾಲ್ಕು ಜನಕ್ಕೆ ಹೇಳಿ.

ಇನ್ನೊಂದು ವಿಚಿತ್ರ, ಇಲ್ಲಿ ಯಾರೂ ಬಾ ಎಂದು ಕರೆಯುವುದಿಲ್ಲ. ನಾವೇ ಬಾಯಿಬಿಟ್ಟು ಕೇಳಬೇಕು. ಅವೆಬರಿಯ ಹಸಿರು ಕೋಟಿನ ಹೆಂಗಸು ಒಂದು ಗಾರ್ಡ್ನೇರಿಯನ್ ಗುಂಪಿನ ಮುಖ್ಯ ಪೂಜಾರಿಣಿ ಎಂಬುದು ನನಗೆ ತಿಳಿದದ್ದು ಆರು ತಿಂಗಳ ಪರಿಚಯದ ಮೇಲೆ. ಗುಂಪಿಗೆ 'ಕವನ್' ಎನ್ನುತ್ತಾರೆ, ನಮ್ಮ ಕವನಕ್ಕೂ ಅದಕ್ಕೂ ಸಂಬಂಧವಿಲ್ಲ. ಕೇಳಿದೆ. ಅವರು ಮೂರು ತಿಂಗಳು ಉತ್ತರವನ್ನೇ ಕೊಡಲಿಲ್ಲ. 2023ರ ಫೆಬ್ರವರಿ ಮೊದಲ ವಾರ, ಇಂಬೋಲ್ಕ್ ಹಬ್ಬದ ಹೊತ್ತಿಗೆ, ಹೊರ ಅಂಗಳಕ್ಕೆ, ಅಂದರೆ ದೀಕ್ಷೆಗೆ ಮುಂಚಿನ ಕಲಿಕೆಗೆ, ಬಾ ಎಂದರು. ಅಲ್ಲಿಂದ ವರ್ಷದ ಮೇಲೊಂದು ದಿನ ಕಲಿಯಬೇಕು. ಆಮೇಲೆ ಗುಂಪಿನ ಎಲ್ಲರೂ ಒಪ್ಪಿದರೆ ದೀಕ್ಷೆ. ಒಬ್ಬರು ಬೇಡ ಎಂದರೂ ಇಲ್ಲ.

ನನಗೆ ಅತಿ ದೊಡ್ಡ ಚಿಂತೆಯಾಗಿದ್ದ ಪ್ರಶ್ನೆಯನ್ನು ಮೊದಲ ದಿನವೇ ಕೇಳಿಬಿಟ್ಟೆ: ಬಟ್ಟೆ ತೆಗೆಯಬೇಕೇ? ಗಾರ್ಡ್ನರ್ ಬತ್ತಲೆ ಪೂಜೆಯನ್ನು ಮೆಚ್ಚಿದವರು, ಕೆಲವು ಗುಂಪುಗಳು ಈಗಲೂ ಹಾಗೇ ಮಾಡುತ್ತವೆ, ಕೆಲವು ನಿಲುವಂಗಿ ತೊಡುತ್ತವೆ. ಅವರು ನಕ್ಕು ತಮ್ಮ ಗುಂಪಿನ ಪದ್ಧತಿ ಹೇಳಿದರು. ಏನೆಂದು ಇಲ್ಲಿ ಬರೆಯುವುದಿಲ್ಲ. ಓದುವವರಲ್ಲಿ ನನ್ನ ಅಣ್ಣನೂ ಇದ್ದಾನು.

ಕಲಿಕೆ ಎಂದರೆ ಮೊದಲ ನಾಲ್ಕು ತಿಂಗಳು ಬರೀ ನೆಲ ಗುಡಿಸುವುದು, ಲೋಟ ತೊಳೆಯುವುದು, ರತ್ನಗಂಬಳಿಯ ಮೇಲೆ ಬಿದ್ದ ಮೇಣ ಕೆರೆಯುವುದು. ದಿನಾ ಹತ್ತು ನಿಮಿಷ ಸುಮ್ಮನೆ ಕೂರಬೇಕು, ಚಂದ್ರನ ದಿನಚರಿ ಬರೆಯಬೇಕು. ಅಥಮೆ ಎಂಬ ಕಪ್ಪು ಹಿಡಿಯ ಕತ್ತಿ ಬೇಕು, ಅದರಿಂದ ಏನನ್ನೂ ಕೊಯ್ಯುವುದಿಲ್ಲ, ಗಾಳಿಯಲ್ಲಿ ವೃತ್ತ ಬರೆಯಲು ಮಾತ್ರ. ಈ ದೇಶದಲ್ಲಿ ಸಕಾರಣವಿಲ್ಲದೆ ಅಂಥ ಕತ್ತಿ ಹಿಡಿದು ಬೀದಿಯಲ್ಲಿ ನಡೆದರೆ ಅಪರಾಧ. ಧಾರ್ಮಿಕ ಕಾರಣಕ್ಕೆ ಕಾನೂನಿನಲ್ಲಿ ಜಾಗವಿದೆ ನಿಜ, ಆದರೆ ಶುಕ್ರವಾರ ರಾತ್ರಿಯ ಬಸ್ಸಿನಲ್ಲಿ ಪೊಲೀಸಪ್ಪನಿಗೆ ಅದನ್ನು ವಿವರಿಸುವ ಧೈರ್ಯ ನನಗಿಲ್ಲ. ಸದ್ಯಕ್ಕೆ ಬೆರಳು ಸಾಕು ಎಂದರು. ಬೆರಳಿನಿಂದಲೇ ಕಲಿತೆ.

ದಿಕ್ಕುಗಳಲ್ಲಿ ಮಾತ್ರ ಸಿಕ್ಕಿಬಿದ್ದೆ. ಇವರಿಗೆ ಪೂರ್ವ ಗಾಳಿ, ದಕ್ಷಿಣ ಬೆಂಕಿ, ಪಶ್ಚಿಮ ನೀರು, ಉತ್ತರ ಮಣ್ಣು. ನನ್ನ ತಲೆಯಲ್ಲಿ ಅಷ್ಟದಿಕ್ಪಾಲಕರು ಆಗಲೇ ಜಾಗ ಹಿಡಿದು ಕೂತಿದ್ದಾರೆ: ದಕ್ಷಿಣಕ್ಕೆ ಯಮ, ಅಗ್ನಿ ಆಗ್ನೇಯಕ್ಕೆ, ವಾಯು ವಾಯವ್ಯಕ್ಕೆ. ಪಶ್ಚಿಮದ ವರುಣ ಒಬ್ಬನೇ ಎರಡೂ ಕಡೆಗೆ ಹೊಂದುತ್ತಾನೆ. ದಕ್ಷಿಣಕ್ಕೆ ತಿರುಗಿ ಬೆಂಕಿಯನ್ನು ಕರೆಯಬೇಕಾದಾಗಲೆಲ್ಲ ಎದೆ ಒಂದು ಕ್ಷಣ ಹಿಡಿಯುತ್ತಿತ್ತು. ವೃತ್ತದಲ್ಲಿ ಸೂರ್ಯನ ಹಾದಿಯಲ್ಲೇ ಸುತ್ತಬೇಕು ಎಂದಾಗ ಮಾತ್ರ ಯಾರೂ ಹೇಳಿಕೊಡಬೇಕಾಗಲಿಲ್ಲ. ಪ್ರದಕ್ಷಿಣೆ ಕಾಲಿಗೇ ಗೊತ್ತಿತ್ತು.

ಹುಣ್ಣಿಮೆಯ ಆಚರಣೆಯಲ್ಲಿ ಚಂದ್ರನನ್ನು ಇಳಿಸುವುದು ಎಂದೊಂದಿದೆ, ದೇವಿಯನ್ನು ಪೂಜಾರಿಣಿಯ ಮೈಮೇಲೆ ಆವಾಹಿಸುವುದು. ಮೈಮೇಲೆ ಬರುವುದೆಂದರೆ ನಾನು ಬಾಲ್ಯದಲ್ಲಿ ಕಂಡದ್ದು ಬೇರೆಯೇ: ಕೆದರಿದ ಕೂದಲು, ನಡುಕ, ಗರ್ಜನೆ. "ನೀವೂ ನಡುಗುತ್ತೀರಾ?" ಎಂದು ಕೇಳಿದೆ. "ಇಲ್ಲಮ್ಮ. ಪ್ರತಿ ಸಲ ಅವಳು ಬರೋದೂ ಇಲ್ಲ. ಬಾರದಿದ್ದರೆ ನೆನಪಿನಿಂದ ಸಾಲು ಹೇಳಿ ಮುಗಿಸ್ತೀನಿ," ಎಂದರು. ಈ ಮಾತಿಗಾಗಿ ನಾನು ಅವರನ್ನು ನಂಬಿದೆ.

ಹಾಗಾದರೆ ನಂಬಿಕೆ ಯಾವಾಗ ಬಂತು? ತಾನ್ಯಾ ಲೂರ್ಮನ್ ಎಂಬ ಮಾನವಶಾಸ್ತ್ರಜ್ಞೆ 1980ರ ದಶಕದಲ್ಲಿ ಲಂಡನ್ನಿನ ಇಂಥ ಗುಂಪುಗಳ ಜೊತೆಗಿದ್ದು 1989ರಲ್ಲಿ ಬರೆದರು: ಜನ ಒಂದು ದಿನ ಕೂತು ನಂಬಲು ತೀರ್ಮಾನಿಸುವುದಿಲ್ಲ, ಮಾಡುತ್ತ ಮಾಡುತ್ತ ಲೋಕವನ್ನು ಅರ್ಥಮಾಡಿಕೊಳ್ಳುವ ಬಗೆಯೇ ನಿಧಾನಕ್ಕೆ ಜರುಗುತ್ತದೆ. ನನ್ನದೂ ಹಾಗೇ ಜರುಗಿದ್ದು. ಡಿಸೆಂಬರಿನ ಕತ್ತಲು ಶತ್ರುವಾಗಿದ್ದದ್ದು, ಯೂಲ್ ಹಬ್ಬಕ್ಕೆ ಮೂರು ದಿನವಿದೆ, ಆಮೇಲೆ ಹಗಲು ಬೆಳೆಯುತ್ತದೆ ಎಂಬ ಲೆಕ್ಕವಾಯಿತು. ದೇವಿ ನಿಜವಾಗಿ ಇದ್ದಾಳೆಯೇ ಎಂದು ಕೇಳಿದರೆ ಈಗಲೂ ತಡವರಿಸುತ್ತೇನೆ. ಹುಣ್ಣಿಮೆ ಯಾವಾಗ ಎಂದು ಕೇಳಿದರೆ ತಡವರಿಸುವುದಿಲ್ಲ.

ಅಮ್ಮನಿಗೆ ಹೇಳಿದ್ದು 2023ರ ಅಕ್ಟೋಬರ್ 28ರ ರಾತ್ರಿ. ಅಂದು ಭೂಮಿ ಹುಣ್ಣಿಮೆ, ಅಂದೇ ಚಂದ್ರಗ್ರಹಣ. ಇಲ್ಲಿ ರಾತ್ರಿ ಒಂಬತ್ತೂಕಾಲು, ಅಲ್ಲಿ ನಡುರಾತ್ರಿ ದಾಟಿ ಒಂದೂಮುಕ್ಕಾಲು. ಗ್ರಹಣ ಬಿಟ್ಟ ಮೇಲೆ ಸ್ನಾನ ಮಾಡಬೇಕೆಂದು ಅಮ್ಮ ಎದ್ದೇ ಇದ್ದಳು. ನಾನು ಅಲಾಟ್‌ಮೆಂಟಿನ ಗೇಟಿನ ಬಳಿ ನಿಂತು ಮೋಡದ ಸಂದಿಯಲ್ಲಿ ನೋಡುತ್ತಿದ್ದೆ. ಒಂದು ಮೂಲೆಯಷ್ಟೇ ಕಚ್ಚಿದ ಹಾಗಿತ್ತು.

"ಹೊರಗೆ ನಿಂತ್ಕೊಂಡು ನೋಡ್ತಿದೀಯೇನೆ? ಒಳಗ್ ಹೋಗು ಮಾರಾಯ್ತಿ."

ಹೋಗಲಿಲ್ಲ. ಹೇಳಿದೆ. ಹಬ್ಬಗಳ ಬಗ್ಗೆ, ವೃತ್ತದ ಬಗ್ಗೆ, ಅವೆಬರಿಯಲ್ಲಿ ಅಪ್ಪಯ್ಯನ ಹೆಸರು ಹೇಳಿದ್ದರ ಬಗ್ಗೆ. ಅಮ್ಮ ತುಂಬಾ ಹೊತ್ತು ಮಾತಾಡಲಿಲ್ಲ. ನೆಟ್‌ವರ್ಕ್ ಹೋಯಿತೇನೋ ಎಂದುಕೊಂಡೆ.

"ನಿಂಗೆ ಇಲ್ಲಿ ದೇವ್ರು ಕಮ್ಮಿ ಬಿದ್ದಿತ್ತೇನೆ?" ಎಂದಳು ಕೊನೆಗೆ.

ಇಲ್ಲ ಎಂದೆ. ದೇವರು ಕಮ್ಮಿ ಬಿದ್ದಿರಲಿಲ್ಲ, ನನಗೆ ಮಾಡಲು ಕೆಲಸ ಕಮ್ಮಿ ಬಿದ್ದಿತ್ತು. ಇದನ್ನು ಅಮ್ಮನಿಗೆ ಹೇಳಲು ಆಗಲಿಲ್ಲ. ಹೇಳಿದರೆ ಅಪ್ಪಯ್ಯನ ಮೇಲಿನ ದೂರಿನಂತೆ ಕೇಳುತ್ತಿತ್ತು.

"ಕೋಳಿ ಗೀಳಿ ಕುಯ್ತಾರಾ?"

"ಇಲ್ಲಮ್ಮ. ವೈನು, ಬಿಸ್ಕತ್ತು."

"ಹೂಂ. ಬಿಸ್ಕತ್ತು." ಅಮ್ಮನಿಗೆ ಆ ಧರ್ಮದ ಬಗ್ಗೆ ಅತಿ ದೊಡ್ಡ ಆಕ್ಷೇಪ ಅದೇ ಎಂದು ಧ್ವನಿಯಲ್ಲೇ ಗೊತ್ತಾಯಿತು. ಅಂದಿನಿಂದ ಪ್ರತಿ ಸಾವಿನ್‌ಗೂ ನಾನು ಚೀನಿಕಾಯಿ ಕಡುಬು ಮಾಡಿ ಒಯ್ಯುತ್ತೇನೆ. ಹ್ಯಾಲೊವೀನ್ ಮುಗಿದ ಮರುದಿನ ಸೂಪರ್‌ಮಾರ್ಕೆಟ್ಟಿನಲ್ಲಿ ಚೀನಿಕಾಯಿ ಕೇಳುವವರಿರುವುದಿಲ್ಲ, ಆದರೆ ನಮಗೆ ಹಿಂದಿನ ದಿನವೇ ಬೇಕಲ್ಲ, ಪೂರ್ತಿ ಬೆಲೆ ಕೊಡಬೇಕು. ಅರಿಶಿನ ಎಲೆ ಸಿಗುವುದಿಲ್ಲ. ಇಡ್ಲಿ ತಟ್ಟೆಯಲ್ಲೇ ಬೇಯಿಸುತ್ತೇನೆ. ಆ ಚೀನಿಕಾಯಿಗಳು ಕೆತ್ತಲೆಂದೇ ಬೆಳೆದವು, ರುಚಿ ಸಪ್ಪೆ. ಬೆಲ್ಲ ಹೆಚ್ಚು ಬೇಕು.

ದೀಕ್ಷೆಯಾದದ್ದು 2024ರ ವಸಂತದಲ್ಲಿ. ಅದರ ವಿವರಗಳು ಎಷ್ಟೋ ದಶಕದಿಂದ ಅಚ್ಚಿನಲ್ಲಿ ಬಂದಿವೆ, ಹುಡುಕಿದರೆ ಸಿಗುತ್ತವೆ. ನಾನು ಹೇಳುವುದಿಲ್ಲ, ಹೇಳುವುದಿಲ್ಲ ಎಂದು ಮಾತು ಕೊಟ್ಟಿದ್ದೇನೆ. ಹೊರಗಿನ ಕೋಣೆಯಲ್ಲಿ ಕಾಯುವಾಗ ಪಕ್ಕದ ಮನೆಯ ನಾಯಿ ಬೊಗಳುತ್ತಿತ್ತು, ಕಾಲು ತಣ್ಣಗಾಗಿತ್ತು, ಗಂಡನಿಗೆ ಫ್ರಿಜ್‌ನಲ್ಲಿ ಸಾರು ಇದೆ ಎಂದು ಹೇಳಿದ್ದೇನೋ ಇಲ್ಲವೋ ಎಂಬ ಯೋಚನೆ ಬಂದಿತ್ತು. ಇಷ್ಟು ಹೇಳಬಹುದು.

2021ರ ಜನಗಣತಿಯಲ್ಲಿ ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ ಸುಮಾರು 74,000 ಜನ ಪೇಗನ್ ಎಂದೂ 13,000 ಜನ ವಿಕ್ಕಾ ಎಂದೂ ಬರೆಸಿದ್ದರು. ನಾನು ಆಗ ಹಿಂದೂ ಎಂದು ಗುರುತು ಹಾಕಿದ್ದೆ. ಮುಂದಿನ ಸಲವೂ ಬಹುಶಃ ಅದನ್ನೇ ಹಾಕುತ್ತೇನೆ. ಕವನ್‌ನವರಿಗೆ ಅದರಿಂದ ಏನೂ ತೊಂದರೆಯಿಲ್ಲ. ಅಣ್ಣನಿಗೆ ಮಾತ್ರ ಇದೆಲ್ಲ ದೊಡ್ಡ ನಾಚಿಕೆಗೇಡು. ಫೋನಿನಲ್ಲಿ ಅಡಿಕೆ ದರ ಮಾತಾಡುತ್ತಾನೆ, ಈ ವಿಷಯ ಬಂದರೆ ಅಮ್ಮನ ಕೈಗೆ ಫೋನ್ ಕೊಡುತ್ತಾನೆ.

ಈಗ ನಡೆಯುತ್ತಿರುವುದು ನಕಲು ಮಾಡುವ ಕೆಲಸ. ದೀಕ್ಷೆಯಾದವರು ಗುಂಪಿನ 'ನೆರಳುಗಳ ಪುಸ್ತಕ'ವನ್ನು, ಅಂದರೆ ಆಚರಣೆಗಳ ಕೈಬರಹದ ಪುಸ್ತಕವನ್ನು, ತಮ್ಮ ಕೈಯಾರೆ ಬರೆದುಕೊಳ್ಳಬೇಕು, ಫೋಟೋಕಾಪಿ ನಡೆಯುವುದಿಲ್ಲ. ಕಾಲೇಜು ಬಿಟ್ಟ ಮೇಲೆ ಇಷ್ಟು ಪೆನ್ನು ಹಿಡಿದದ್ದಿಲ್ಲ, ಹೆಬ್ಬೆರಳಿನ ಬುಡ ನೋಯುತ್ತದೆ. ಪಠ್ಯ ಇಂಗ್ಲಿಷಿನದೇ. ಅಂಚಿನಲ್ಲಿ ನನ್ನ ಟಿಪ್ಪಣಿಗಳು ಕನ್ನಡದಲ್ಲಿವೆ, ಅವನ್ನು ಪೂಜಾರಿಣಿಯೂ ಓದಲಾರರು. ನಲವತ್ತು ಪುಟ ಆಗಿದೆ. ಇನ್ನೂ ಅರ್ಧಕ್ಕಿಂತ ಹೆಚ್ಚಿದೆ.